ಪುಟಾಣಿ ಟ್ರಕ್ಕಿನಲ್ಲಿ ಒಂದು ಮೌನವ್ರತ

ಇವತ್ತು ಬೆಳಿಗ್ಗೆ ನಮ್ಮ ಟ್ರಕ್ಕಿನ ಹಿಂಭಾಗದಲ್ಲಿ ಒಂದು ಸೌಟು ಸಿಕ್ಕಿತು. ಉದ್ದನೆಯ ಹಿಡಿಯ, ಐವತ್ತು ಜನಕ್ಕೆ ಹುಳಿ ಬಡಿಸುವಂಥ ಸ್ಟೀಲಿನ ಸೌಟು. ನನ್ನದಲ್ಲ. ಫೋಟೋ ತೆಗೆದು ಫೋನಿನ ಮೂರು ಗ್ರೂಪುಗಳಿಗೆ ಹಾಕಿ, ‘ಈ ಸೌಟು ಕಳೆದುಕೊಂಡವರು ಗುರುತು ಹೇಳಿ ತೆಗೆದುಕೊಂಡು ಹೋಗಬೇಕು’ ಎಂದು ಕನ್ನಡದಲ್ಲಿಯೇ ಬರೆದೆ. ಫೋನಿನಲ್ಲಿ ಟೈಪ್ ಮಾಡುವುದನ್ನು ನಾನು ಕಲಿತು ಇನ್ನೂ ಎರಡು ತಿಂಗಳು. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ, ಕುಟುಕಿ ಕುಟುಕಿ ಬರೆಯುತ್ತೇನೆ. ಆ ಒಂದು ಸಾಲು ಮುಗಿಯುವಷ್ಟರಲ್ಲಿ ಕಾಫಿ ಆರಿಹೋಯಿತು. ಉತ್ತರವಾಗಿ ಹದಿನಾಲ್ಕು ಕೈಮುಗಿದ ಚಿತ್ರಗಳೂ ಒಂದು ಗುಲಾಬಿ ಹೂವೂ ಬಂದವು. ಸೌಟಿನ ಒಡತಿ ಮಾತ್ರ ಬರಲಿಲ್ಲ. ಬರುವುದೂ ಇಲ್ಲ. ಸೌಟಿನ ತಳ ಸೀದು ಕಪ್ಪಗಾಗಿರುವುದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತಿದೆ. ಯಾರು ತಾನೇ ‘ನನ್ನದು’ ಎಂದು ಒಪ್ಪಿಕೊಂಡಾರು?

ಟ್ರಕ್ಕು ಬಂದು ಒಂಬತ್ತು ತಿಂಗಳಾಯಿತು. ಅದರ ಬೆನ್ನ ಮೇಲೆ ಜನ ಬಿಟ್ಟುಹೋದದ್ದನ್ನೆಲ್ಲ ಇಟ್ಟುಕೊಂಡಿದ್ದರೆ ನಾನೊಂದು ಅಂಗಡಿ ತೆರೆಯಬಹುದಿತ್ತು. ಮಗುವಿನ ಎಡಗಾಲಿನ ಬೂಟು, ಒಂದು ಹೋಳು ತೆಂಗಿನಕಾಯಿ, ಮದುವೆ ಮಣೆ, ಗಣೇಶನ ಹಿಂದೆ ಕಟ್ಟುವ ಥರ್ಮಕೋಲಿನ ಪ್ರಭಾವಳಿಯ ಅರ್ಧ ಭಾಗ. ವರ್ಜೀನಿಯಾದ ಈ ಸೆಂಟರ್‌ವಿಲ್‌ನಲ್ಲಿ ನಮ್ಮ ಜನ ಓಡಿಸುವುದೆಲ್ಲ ಕಾರು. ಮಕ್ಕಳು ಮರಿ ಇದ್ದರೆ ಏಳು ಸೀಟಿನ ವ್ಯಾನು. ಟ್ರಕ್ಕು ಇರುವುದು ನಮ್ಮ ಮನೆಯಲ್ಲೊಂದೇ. ಹಾಗಾಗಿ ಯಾರ ಮನೆಯ ಗೃಹಪ್ರವೇಶವಾದರೂ ಸೋಫಾ ಸಾಗಿಸಬೇಕಾದರೂ ಮೊದಲ ಫೋನು ನಮಗೆ. “ಆಂಟಿ, ಶನಿವಾರ ಟ್ರಕ್ ಫ್ರೀ ಇದ್ಯಾ?” ನಾವು ಫ್ರೀ ಇದ್ದೇವೆಯೇ ಎಂದು ಯಾರೂ ಕೇಳುವುದಿಲ್ಲ. ನಿವೃತ್ತರಾದ ಮೇಲೆ ಅದು ಕೇಳುವ ಪ್ರಶ್ನೆಯಲ್ಲ ಎಂದು ಅವರ ಲೆಕ್ಕ.

ನಮ್ಮನೆಯವರು ಬೀಜದ ವಿಜ್ಞಾನಿ. ಬೀಜಗಳು ಯಾಕೆ ಮೊಳೆಯುತ್ತವೆ, ಯಾಕೆ ಮೊಳೆಯುವುದಿಲ್ಲ ಎಂದು ಮೇರಿಲ್ಯಾಂಡಿನ ಒಂದು ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನೋಡುತ್ತ ಕೂತವರು. ಈಗ ಅದೇ ಕೆಲಸವನ್ನು ಹಿತ್ತಲಿನಲ್ಲಿ ಸಂಬಳವಿಲ್ಲದೆ ಮಾಡುತ್ತಾರೆ. ಹೀರೇಕಾಯಿ, ಸೋರೆಕಾಯಿ, ಹಾಗಲ, ಚಪ್ಪರದವರೆ. ಗೊಬ್ಬರವನ್ನು ಕಾರಿನ ಹಿಂದೆ ಹಾಕಿಕೊಂಡು ಬರುತ್ತಿದ್ದರು. ಆ ಕಾರಿನಲ್ಲಿ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋದರೆ, ನಾನು ಇಳಿದ ಕಡೆಯಿಂದ ಜನ ನಾಜೂಕಾಗಿ ಸರಿದು ನಿಲ್ಲುತ್ತಿದ್ದರು. ನಾನೇ ಒಂದು ದಿನ, “ಗೊಬ್ಬರಕ್ಕೆ ಬೇರೆ ಗಾಡಿ ಮಾಡಿ, ಇಲ್ಲಾ ನನಗೆ ಬೇರೆ ಗಾಡಿ ಮಾಡಿ” ಎಂದೆ. ಅವರು ಗೊಬ್ಬರಕ್ಕೇ ಮಾಡಿದರು.

ಜಾರ್ಜಿಯಾದ ಕಮ್ಮಿಂಗ್‌ನಲ್ಲಿರುವ ಮಗಳು ವೀಣಾ ಫೋನಿನಲ್ಲಿ ಹೌಹಾರಿದಳು. “ಅಪ್ಪ, ಎಪ್ಪತ್ತೆಂಟು ವರ್ಷಕ್ಕೆ ಪಿಕಪ್ ಟ್ರಕ್ಕಾ? ಈ ವಯಸ್ಸಿಗೆ ಎಲ್ರೂ ಡೌನ್‌ಸೈಜ್ ಮಾಡ್ತಾರೆ.”

“ಇದು ಕಾಂಪ್ಯಾಕ್ಟ್ ಕಣೆ,” ಎಂದರು ಇವರು. “ಡೌನ್‌ಸೈಜ್ ಮಾಡಿರೋ ಟ್ರಕ್ಕೇ ತಗೊಂಡಿದೀನಿ.”

ಅದೂ ನಿಜವೇ. ಎದುರುಮನೆಯ ಅಮೆರಿಕನ್ನನ ಟ್ರಕ್ಕಿನ ಪಕ್ಕದಲ್ಲಿ ನಿಲ್ಲಿಸಿದರೆ, ಮದುವೆ ಮನೆಯ ಕೊಳಗದ ಪಕ್ಕ ನಮ್ಮ ಹಾಲು ಕಾಯಿಸುವ ಪಾತ್ರೆ ಇಟ್ಟಂತಿರುತ್ತದೆ. ಮುಂದೆ ಇಬ್ಬರು, ಹಿಂದೆ ಮೂವರು ಕೂರಬಹುದು. ಅದರ ಹಿಂದೆ ನಾಲ್ಕೂವರೆ ಅಡಿಯ ತೊಟ್ಟಿ. ಹೈಬ್ರಿಡ್ ಎಂದರೆ ಏನೆಂದು ಇವರು ನನಗೆ ಮೂರು ಸಲ ಹೇಳಿದ್ದಾರೆ. ಅದಕ್ಕೆ ಪೆಟ್ರೋಲಿನ ಇಂಜಿನ್ನೂ ಇದೆ, ಕರೆಂಟಿನ ಮೋಟರೂ ಇದೆ. ಗೋಡೆಗೆ ವೈರು ಚುಚ್ಚಿ ಚಾರ್ಜ್ ಮಾಡಬೇಕಾಗಿಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಆ ವೇಗವನ್ನು ಒಳಗೇ ಕೂಡಿಟ್ಟುಕೊಂಡು ಮುಂದೆ ಬೇಕಾದಾಗ ತೆಗೆಯುತ್ತದಂತೆ. ನಮ್ಮತ್ತೆಯೂ ಹೀಗೆಯೇ ಇದ್ದರು. ಆವತ್ತಿನ ಸಿಟ್ಟನ್ನು ಆವತ್ತು ತೋರಿಸುತ್ತಿರಲಿಲ್ಲ. ಕೂಡಿಟ್ಟುಕೊಂಡು ಹಬ್ಬದ ದಿನ ತೆಗೆಯುತ್ತಿದ್ದರು.

ಅದರ ಇನ್ನೊಂದು ಗುಣ ಸದ್ದಿಲ್ಲದಿರುವುದು. ಯುಗಾದಿ ಕಳೆದ ಮೊದಲ ಶನಿವಾರ ಪೂಜೆಗೆಂದು ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಒಯ್ದೆವು. ಅರ್ಚಕರು ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಮಾಡಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, “ಸ್ಟಾರ್ಟ್ ಮಾಡಿ ಸಾರ್” ಎಂದರು.

“ಆಗಿದೆ,” ಎಂದರು ಇವರು.

“ಏನಾಗಿದೆ?”

“ಸ್ಟಾರ್ಟ್ ಆಗಿದೆ.”

ಅರ್ಚಕರು ನಂಬಲಿಲ್ಲ. ಮಗುವಿಗೆ ಜ್ವರ ಇದೆಯೇ ಎಂದು ನೋಡುವವರಂತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ಅಷ್ಟರಲ್ಲಿ ಟ್ರಕ್ಕು ಬೆಕ್ಕಿನ ಹಾಗೆ ಮುಂದೆ ಸರಿದು, ನಿಂಬೆಯ ರಸ ಅವರ ಮಡಿಪಂಚೆಗೆ ಚಿಮ್ಮಿತು.

ಟ್ರಕ್ಕಿನಿಂದ ನನಗಾದ ಒಂದು ದೊಡ್ಡ ಉಪಕಾರವನ್ನು ಇಲ್ಲಿ ಹೇಳಿಬಿಡುತ್ತೇನೆ. ಪ್ರತಿ ಮನೆಯಲ್ಲೂ ಅರಿಶಿನ ಕುಂಕುಮದ ಜೊತೆ ರವಿಕೆ ಕಣ ಕೊಡುತ್ತಾರಷ್ಟೆ. ಅದನ್ನು ಯಾರೂ ಹೊಲಿಸುವುದಿಲ್ಲ. ನಾನು ಇನ್ನೊಬ್ಬರಿಗೆ ಕೊಡುತ್ತೇನೆ, ಅವರು ಮತ್ತೊಬ್ಬರಿಗೆ. ಒಂದು ಹಸಿರು ಕಣ ವರ್ಜೀನಿಯಾ, ಮೇರಿಲ್ಯಾಂಡ್ ಎಲ್ಲ ಸುತ್ತಿ ಮೂರು ವರ್ಷದ ನಂತರ ನನ್ನ ಮನೆಗೇ ವಾಪಸು ಬಂದದ್ದು ನನಗೆ ಗೊತ್ತು. ಅದರ ಅಂಚಿನಲ್ಲಿ ನಾನೇ ಮಾಡಿದ ಕಾಫಿ ಕಲೆಯಿತ್ತು. ಈಗ ನಾಲ್ಕೂವರೆ ಅಡಿಯ ತೊಟ್ಟಿಯಲ್ಲಿ ಎಂಟಡಿಯ ಬಾಳೆಕಂಬ ಒಯ್ಯುವಾಗ ಹೊರಗೆ ಚಾಚಿಕೊಂಡ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಮನೆಯಲ್ಲಿದ್ದ ಕೆಂಪು ಕಣಗಳೆಲ್ಲ ಒಂದೊಂದಾಗಿ ಕೆಲಸಕ್ಕೆ ಹತ್ತಿದವು.

ಮೊದಲ ಸಲ ಹಾಗೆ ಕಟ್ಟಿಕೊಂಡು ಹೊರಟ ದಿನ ನಾನು ತಿರುಗಿ ತಿರುಗಿ ಹಿಂದೆ ನೋಡುತ್ತಿದ್ದೆ. ಕಂಬ ಬಿದ್ದೀತೆಂಬ ಭಯ ಎಂದುಕೊಂಡರು ಇವರು. ನಾನು ನೋಡುತ್ತಿದ್ದದ್ದು ನಮ್ಮಮ್ಮನನ್ನು.

ನಮ್ಮ ತಂದೆಗೆ ಶಿಡ್ಲಘಟ್ಟದಲ್ಲಿ ಒಂದು ವ್ಯಾನಿತ್ತು. ಸುತ್ತಲ ಹಳ್ಳಿಗಳ ರೇಷ್ಮೆಗೂಡನ್ನು ಬಾಡಿಗೆಗೆ ಮಾರ್ಕೆಟ್ಟಿಗೆ ತಂದು ಹಾಕುವುದು ಅವರ ಕೆಲಸ. ಆ ವ್ಯಾನು ಸ್ಟಾರ್ಟ್ ಆಗಬೇಕಾದರೆ ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುವಬೇಕು. ಆದಾಗ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಮುಂದಿನ ಸೀಟಿನಲ್ಲಿ ಅಪ್ಪ, ಪಕ್ಕದಲ್ಲಿ ಗೂಡಿನ ವ್ಯಾಪಾರಿ. ಹಿಂದೆ ಗೂಡಿನ ಮೂಟೆಗಳ ನಡುವೆ ಅಮ್ಮ, ರಜೆಯಿದ್ದರೆ ನಾನು. ಗೂಡು ಹಗುರವಾದ ಸರಕು, ಆದರೆ ಮೂಟೆಯ ಮೇಲೆ ಮೂಟೆ ಬಿದ್ದು ಒಳಗಿನ ಹುಳು ಜಜ್ಜಿಹೋದರೆ ಕಲೆಯಾಗಿ ಬೆಲೆ ಇಳಿಯುತ್ತದೆ. ಅದನ್ನು ಕಾಯಲು ಅಮ್ಮ. ನಾನು ಒಂದು ಗೂಡು ಕದ್ದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಹುಳು ಟಕಟಕ ಎನ್ನುತ್ತಿತ್ತು. ಆ ವಾಸನೆ ಹೇಗಿತ್ತು ಎಂದರೆ ಹೇಳುವುದು ಕಷ್ಟ. ಒದ್ದೆ ಗೋಣಿಯ, ಹಿಪ್ಪುನೇರಳೆ ಸೊಪ್ಪಿನ, ಸ್ವಲ್ಪ ಹಳಸಿದ ಯಾವುದೋ ಒಂದರ ವಾಸನೆ. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುವವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಗೊಬ್ಬರದ ಕಾರಿನಿಂದ ಇಳಿದು ಮದುವೆಗೆ ಹೋಗುವುದು ನನಗೆ ಅಷ್ಟೇನೂ ಹೊಸದಲ್ಲ ನೋಡಿ.

ವ್ಯಾನಿನ ಕನ್ನಡಿ ಯಾವುದೋ ಕಾಲದಲ್ಲಿ ಒಡೆದುಹೋಗಿತ್ತು. ಅಪ್ಪ ಹೊಸದು ಹಾಕಿಸಲೇ ಇಲ್ಲ. ಹಿಂದೆ ಅಮ್ಮ ಇದ್ದಳಲ್ಲ. ಕೈಯಲ್ಲಿ ತಂಬಿಗೆಯ ಮುಚ್ಚಳ ಹಿಡಿದು ತಗಡಿಗೆ ಬಡಿಯುತ್ತಿದ್ದಳು. ಎರಡು ಸಲ ಬಡಿದರೆ ಹಿಂದೆ ಬಾ, ಒಂದು ಸಲ ಬಡಿದರೆ ನಿಲ್ಲು. ಬಸ್ಸು ಹಿಂದೆ ಬಂದು ದಾರಿ ಕೇಳಿದರೆ ಬಿಡದೆ ಬಡಿಯುವುದು. ಅಪ್ಪನನ್ನು ಊರಿನಲ್ಲಿ ಬಹಳ ಒಳ್ಳೆಯ ಡ್ರೈವರ್ ಎನ್ನುತ್ತಿದ್ದರು. ರಿವರ್ಸ್ ತೆಗೆಯುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎನ್ನುತ್ತಿದ್ದರು. ಅಮ್ಮ ಆ ಮಾತನ್ನು ಕೇಳಿಸಿಕೊಂಡು ಮೂಟೆ ಸರಿಪಡಿಸುತ್ತಿದ್ದಳು.

ನನಗೆ ಬಡಿಯಲು ತಗಡಿಲ್ಲ. ಬಾಯಿದೆ. ಮದುವೆಯಾಗಿ ಈ ದೇಶಕ್ಕೆ ಬಂದ ಮೇಲೆ ನಲವತ್ತೈದು ವರ್ಷ ಇವರ ಪಕ್ಕದ ಸೀಟಿನಲ್ಲಿ ಕೂತು ಮಾತಾಡಿದ್ದೇನೆ. “ರೀ, ಕೆಂಪು ಬಂತು. ರೀ, ಆ ಕೆಂಪು ಕಾರಿನವನು ಅಡ್ಡ ಬರ್ತಾನೆ ನೋಡಿ. ಎಕ್ಸಿಟ್ ಬಂತು, ಬಲಕ್ಕೆ ಹೋಗಿ.” ನಲವತ್ತೈದು ವರ್ಷವೂ ಅವರ ಉತ್ತರ ಒಂದೇ: “ನನಗೆ ಕಣ್ಣಿಲ್ವಾ?” ಅದನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಅದು ನನಗೆ ಕಾರಿನ ಸದ್ದಿನ ಒಂದು ಭಾಗವೇ ಆಗಿಹೋಗಿತ್ತು.

ನಾನೇ ಯಾಕೆ ಓಡಿಸಲಿಲ್ಲ ಎನ್ನುತ್ತೀರಿ. ಓಡಿಸಿದ್ದೆ. ಮೂವತ್ತರ ಹರೆಯದಲ್ಲಿ ಲೈಸೆನ್ಸೂ ಸಿಕ್ಕಿತ್ತು. ಎರಡನೇ ವಾರವೇ ರಿವರ್ಸ್ ತೆಗೆಯುವಾಗ ಎದುರುಮನೆಯ ಅಂಚೆಪೆಟ್ಟಿಗೆಯನ್ನು ಬುಡಸಮೇತ ಕಿತ್ತೆ. ಇವರು ಬೈಯಲಿಲ್ಲ. ಇನ್ನು ಮೇಲೆ ಎಲ್ಲಿಗೆ ಬೇಕಾದರೂ ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ಅದನ್ನು ಪ್ರೀತಿ ಎಂದುಕೊಂಡು ಸುಮ್ಮನಾದೆ. ಪ್ರೀತಿಯೂ ಇತ್ತೆನ್ನಿ. ಲೈಸೆನ್ಸಿನ ಅವಧಿ ಮುಗಿದದ್ದು ಯಾರಿಗೂ ನೆನಪಾಗಲಿಲ್ಲ.

ಹೊಸ ಟ್ರಕ್ಕು ಬಂದ ಮೇಲೆ ಒಂದು ಆಶ್ಚರ್ಯ ನಡೆಯಿತು. ಇವರು ‘ನನಗೆ ಕಣ್ಣಿಲ್ವಾ’ ಎನ್ನುವುದನ್ನು ನಿಲ್ಲಿಸಿದರು. ನಾನು ಕೆಂಪು ಬಂತೆಂದರೆ “ಹ್ಞೂಂ” ಎನ್ನುವರು. ಎಕ್ಸಿಟ್ ಬಂತೆಂದರೆ “ಸರಿ” ಎನ್ನುವರು. ಒಂದೊಂದು ಸಲ ತಾವಾಗಿಯೇ, “ಸಿಗ್ನಲ್ ಹೇಗಿದೆ?” ಎಂದು, ಹವಾ ಹೇಗಿದೆ ಎಂದು ಕೇಳುವವರಂತೆ ಕೇಳುವರು. ಮುಪ್ಪಿನಲ್ಲಿ ಗಂಡಸರು ಮೆತ್ತಗಾಗುತ್ತಾರೆ ಎಂದು ಓರಗೆಯವರು ಹೇಳಿದ್ದರು. ನನ್ನ ಮಾತಿಗೆ ಕೊನೆಗೂ ಬೆಲೆ ಬಂತೆಂದು ಒಳಗೊಳಗೇ ಉಬ್ಬಿದೆ. ಬೆಲೆ ಬಂದಷ್ಟೂ ಮಾತು ಹೆಚ್ಚು ಮಾಡಿದೆ.

ಆಗಸ್ಟಿನ ಒಂದು ಶನಿವಾರ ಲ್ಯಾನ್‌ಹ್ಯಾಮ್‌ಗೆ ಹೋಗಿದ್ದೆವು. ತೊಟ್ಟಿಯಲ್ಲಿ ದೇವಸ್ಥಾನದ ತೋಟಕ್ಕೆಂದು ಇವರು ಬೆಳೆಸಿದ ತುಳಸಿ ಕುಂಡಗಳು. ದರ್ಶನವಾಗಿ, ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಇವರ ಹಳೆಯ ಸ್ನೇಹಿತರು ಟ್ರಕ್ಕಿನ ವಿಚಾರ ಎತ್ತಿದರು. ಎರಡು ಇಂಜಿನ್ ಇದೆಯಂತಲ್ಲ ಎಂದರು.

“ಮೂರು,” ಎಂದರು ಇವರು. “ಒಂದು ಪೆಟ್ರೋಲು, ಒಂದು ಕರೆಂಟು. ಮೂರನೇದು ನನ್ನ ಪಕ್ಕ ಕೂತ್ಕೊಳತ್ತೆ. ಅದಕ್ಕೆ ಏನೂ ಹಾಕ್ಬೇಕಾಗಿಲ್ಲ, ತಾನೇ ಓಡ್ತಾ ಇರತ್ತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಪುಳಿಯೋಗರೆಯ ತಟ್ಟೆ ಕೆಳಗಿಟ್ಟು, “ಇವತ್ತು ಶ್ರಾವಣ ಶನಿವಾರ. ಮನೆ ಸೇರೋವರೆಗೂ ನಂದು ಮೌನವ್ರತ” ಎಂದು ಸಾರಿ ಬಾಯಿ ಮುಚ್ಚಿದೆ. ಇವರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಸೋತರು ಎಂದುಕೊಂಡೆ.

ನಗರವನ್ನು ಸುತ್ತುವ ದೊಡ್ಡ ಹೈವೇ, ಬೆಲ್ಟ್‌ವೇ ಹತ್ತಿದೆವು. ಹತ್ತು ನಿಮಿಷ ಇವರು ಒಂದೇ ಲೇನಿನಲ್ಲಿ ಓಡಿಸಿದರು. ಆಮೇಲೆ, “ಪದ್ಮಾ, ಎಲ್ಲಿಗೆ ಬಂದ್ವಿ?” ಎಂದರು. ನಾನು ಕಿಟಕಿಯ ಕಡೆ ನೋಡಿದೆ. ನಾವು ತಿರುಗಬೇಕಾಗಿದ್ದ ಎಕ್ಸಿಟ್ಟಿನ ದೊಡ್ಡ ಹಸಿರು ಹಲಗೆ ಬಂತು, ಹೋಯಿತು. ಇವರು ತಿರುಗಲಿಲ್ಲ. ನನ್ನನ್ನು ಮಾತಾಡಿಸಲು ಬೇಕೆಂದೇ ಹೀಗೆ ಮಾಡುತ್ತಿದ್ದಾರೆ, ಎಷ್ಟು ದೂರ ಹೋಗುತ್ತಾರೋ ಹೋಗಲಿ, ಪೆಟ್ರೋಲು ಅವರದೇ ಎಂದುಕೊಂಡು ತುಟಿ ಬಿಗಿದು ಕೂತೆ. ಎಲ್ಲೋ ಇಳಿದು, ಎಲ್ಲೋ ಸುತ್ತಿ, ಫೋನಿನ ದನಿ ಹೇಳಿದ ಹಾಗೆ ತಿರುಗಿ, ಕೊನೆಗೆ ನಮ್ಮ ಊರಿನ ಕಡೆಯ ರಸ್ತೆಗೆ ಬಂದೆವು. ಫೋನಿನ ದನಿ ತಿರುವುಗಳನ್ನೆಲ್ಲ ಹೇಳುತ್ತದೆ. ಸಿಗ್ನಲ್ಲಿನ ಬಣ್ಣ ಹೇಳುವುದಿಲ್ಲ.

ಮುಂದೆ ಸಿಗ್ನಲ್ ಕೆಂಪಿತ್ತು. ಟ್ರಕ್ಕು ನಿಧಾನವಾಗಲಿಲ್ಲ. ಎಡಗಡೆಯಿಂದ ಏಳು ಸೀಟಿನ ಒಂದು ವ್ಯಾನು ಹೊರಟಿತು.

“ರೀ, ಕೆಂಪು.”

ಇವರು ಬ್ರೇಕ್ ಒತ್ತಿದರು. ಹಿಂದೆ, ತುಳಸಿ ನೆಟ್ಟು ಖಾಲಿಯಾದ ಕುಂಡಗಳು ಒಂದಕ್ಕೊಂದು ಬಡಿದು ಒಡೆದ ಸದ್ದು. ಟ್ರಕ್ಕು ಗೆರೆ ದಾಟಿ ರಸ್ತೆಯ ಮಧ್ಯದಲ್ಲಿ ನಿಂತಿತು. ವ್ಯಾನಿನವಳು ನಮ್ಮನ್ನು ಸುತ್ತಿಕೊಂಡು ಹೋದಳು. ಹಾರ್ನ್ ಕೂಡ ಮಾಡಲಿಲ್ಲ, ಬರೀ ನೋಡಿದಳು. ಆ ನೋಟ ಇವರಿಗೆ ಕಾಣಲಿಲ್ಲ ಎನ್ನುವುದು ನನಗೆ ಆಗ ಗೊತ್ತಾಯಿತು.

ಮೆಲ್ಲಗೆ ಪಕ್ಕದ ಅಂಗಡಿಯ ಪಾರ್ಕಿಂಗಿಗೆ ತಂದು ನಿಲ್ಲಿಸಿದೆವು. ತಂದದ್ದು ನಾನು, ಬಾಯಲ್ಲಿ.

“ಯಾವಾಗಿಂದ ರೀ?”

“ಟ್ರಕ್ ತಂದು ಒಂದ್ ತಿಂಗಳಿಗೆ. ಮಧ್ಯದಲ್ಲಿ ಮಸುಕು. ಸುತ್ತ ಎಲ್ಲ ಕಾಣತ್ತೆ.”

“ಡಾಕ್ಟರ್‌ಗೆ ತೋರಿಸಿದ್ರಾ?”

“ತೋರಿಸಿದ್ರೆ ಓಡಿಸ್ಬೇಡ ಅಂತಾರೆ.”

“ಮೂರು ತಿಂಗಳು ಹೀಗೇ ಓಡಿಸಿದ್ರಾ? ಯಾರಿಗಾದ್ರೂ ಹೊಡೆದಿದ್ರೆ?”

ಅವರು ಸ್ಟಿಯರಿಂಗನ್ನು ಬಿಟ್ಟಿರಲಿಲ್ಲ. “ನೀನು ಹೇಳ್ತಾ ಇದ್ಯಲ್ಲ,” ಎಂದರು. “ಒಂದ್ ದಿನಾನೂ ನಿಲ್ಲಿಸಿರ್ಲಿಲ್ಲ.”

ನನಗೆ ಅವರನ್ನು ಬೈಯಬೇಕೆನ್ನಿಸಿತು, ಬೈದೆ. ನಲವತ್ತೈದು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಬೈದೆ. ಆ ವ್ಯಾನಿನೊಳಗೆ ಮಕ್ಕಳಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಅವರು ಜೇಬಿನಿಂದ ಕೀ ತೆಗೆದು ನನ್ನ ಮಡಿಲಲ್ಲಿಟ್ಟರು. ಪಕ್ಕದ ಬೀದಿಯ ಶಾಲಿನಿಗೆ ಫೋನ್ ಮಾಡಿದೆ. ಮೈಸೂರಿನ ಹುಡುಗಿ, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವಳು. ಗಂಡನ ಕಾರಿನಲ್ಲಿ ಬಂದಿಳಿದು ನಮ್ಮ ಟ್ರಕ್ಕನ್ನು ತಾನೇ ಓಡಿಸಿ ಮನೆ ಸೇರಿಸಿದಳು. ಏನಾಯಿತೆಂದು ಕೇಳಲಿಲ್ಲ. “ಆಂಟಿ, ತಲೆ ಸುತ್ತಿತ್ತಾ ಅಂಕಲ್‌ಗೆ?” ಎಂದು ಮಾತ್ರ ಕೇಳಿ, ಉತ್ತರವನ್ನು ತಾನೇ ಕೊಟ್ಟುಕೊಂಡಳು.

ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು: ಕಣ್ಣಿನ ನಡುಭಾಗ ಸವೆದಿದೆ, ಹೋದದ್ದು ಬರುವುದಿಲ್ಲ, ಅಂಚಿನ ದೃಷ್ಟಿ ಉಳಿಯುತ್ತದೆ, ತೋಟದ ಕೆಲಸ ಮಾಡಬಹುದು, ಸ್ಟಿಯರಿಂಗ್ ಮುಟ್ಟುವಂತಿಲ್ಲ. ಮನೆಗೆ ಬಂದು ಇವರು ನನ್ನ ಮುಖವನ್ನೇ ನೋಡುತ್ತ, “ಕಿವಿ ಕಾಣತ್ತೆ, ಓಲೆ ಕಾಣತ್ತೆ. ಮೂಗು ಕಾಣಲ್ಲ,” ಎಂದರು.

“ಹೆಣ್ಣು ನೋಡೋಕೆ ಬಂದ ದಿನಾನೇ ನನ್ನ ಮೂಗು ಕಾಣದೆ ಇದ್ದಿದ್ರೆ ಚೆನ್ನಾಗಿರ್ತಿತ್ತು,” ಎಂದೆ. ಇಬ್ಬರೂ ನಕ್ಕೆವು.

ವೀಣಾ ಅದೇ ವಾರ ಎಲ್ಲ ತೀರ್ಮಾನ ಮಾಡಿದಳು. ಅವಳದು ಹೊಸ ಮನೆ, ನೆಲದ ಮಟ್ಟದ ಕೆಳಗೆ ದೊಡ್ಡ ಬೇಸ್‌ಮೆಂಟು. “ಫುಲ್ ಫಿನಿಶ್ ಮಾಡ್ಸಿದೀವಿ ಅಮ್ಮ. ಸಪರೇಟ್ ಬಾಗ್ಲು, ಚಿಕ್ಕ ಕಿಚನ್, ಬಾತ್‌ರೂಮ್ ಎಲ್ಲ ಇದೆ. ಥ್ಯಾಂಕ್ಸ್‌ಗಿವಿಂಗ್‌ಗೆ ಬರ್ತೀವಿ, ಮನೆ ಮಾರೋಕೆ ಲಿಸ್ಟ್ ಮಾಡ್ಸೋಣ. ಟ್ರಕ್ಕನ್ನ ನಿಮ್ ಅಳಿಯ ಓಡಿಸ್ಕೊಂಡು ಬರ್ತಾರೆ.”

“ಬದುಕಿದ್ದಾಗ್ಲೇ ನೆಲದೊಳಗೆ ಇಡ್ತೀಯೇನೆ?” ಎಂದೆ. “ನಮ್ಮಲ್ಲಿ ಸತ್ತ ಮೇಲೂ ಆ ಪದ್ಧತಿ ಇಲ್ಲ.”

“ಅಮ್ಮ, ಜೋಕ್ ಮಾಡ್ಬೇಡ. ಅಲ್ಲಿ ಹಾಲು ತರೋಕೂ ಡ್ರೈವ್ ಮಾಡ್ಬೇಕು. ಯಾರು ಮಾಡ್ತಾರೆ? ಶಾಲಿನಿ ಎಷ್ಟ್ ದಿನ ಬರ್ತಾಳೆ?”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ಕಾರು ಓಡಿಸದವರು ಕೈಕೂಸು. ಯಾರಾದರೂ ಎತ್ತಿಕೊಂಡು ಹೋಗಬೇಕು. ಆದರೆ ಹಿತ್ತಲಲ್ಲಿ ಇವರು ಬಗ್ಗಿ ಹೀರೇಬಳ್ಳಿಯ ತುದಿಯನ್ನು ಬೆರಳಿನಿಂದ ಹುಡುಕಿ ದಾರಕ್ಕೆ ಹಬ್ಬಿಸುತ್ತಿದ್ದರು. ಆ ಮನುಷ್ಯನನ್ನು ಈ ಮಣ್ಣಿನಿಂದ ಕಿತ್ತು ಕಾರ್ಪೆಟ್ಟಿನ ಮೇಲೆ ಇಟ್ಟರೆ ಏನಾಗುತ್ತದೆಂದು ನನಗೆ ಹೇಳಲು ಬೀಜದ ವಿಜ್ಞಾನ ಬೇಕಾಗಿರಲಿಲ್ಲ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇನ್ನೂ ಮೂರು ತಿಂಗಳಿತ್ತು. ಮರುದಿನ ಶಾಲಿನಿಯನ್ನು ಕರೆದು, “ನನಗೆ ಓಡಿಸೋದು ಹೇಳ್ಕೊಡ್ತೀಯಾ? ಎಪ್ಪತ್ಮೂರು ಅಂತ ನಗಬಾರದು” ಎಂದೆ.

ಅವಳು ನಗಲಿಲ್ಲ. “ಅಂಕಲ್‌ನ ಹಿಂದೆ ಕೂರಿಸಿ ಆಂಟಿ,” ಎಂದಳು. “ಮುಂದೆ ಕೂತ್ರೆ ನಿಮ್ಮಿಬ್ರನ್ನೂ ನನ್ ಕೈಲಿ ಹ್ಯಾಂಡಲ್ ಮಾಡಕ್ಕಾಗಲ್ಲ.”

ಬರೆಯುವ ಪರೀಕ್ಷೆ ಸುಲಭವಾಗಿ ಆಯಿತು, ಕಲಿಯುವವರ ಪರ್ಮಿಟ್ಟು ಸಿಕ್ಕಿತು. ಓಡಿಸುವುದು ಆಗಲಿಲ್ಲ. ಬಟನ್ ಒತ್ತಿದರೆ ಸದ್ದೇ ಬರುವುದಿಲ್ಲವಲ್ಲ. ಸ್ಟಾರ್ಟ್ ಆಗಿಲ್ಲವೆಂದು ಇನ್ನೊಮ್ಮೆ ಒತ್ತಿ ಆರಿಸಿಬಿಡುತ್ತಿದ್ದೆ. ಎಷ್ಟೋ ದಿನ ಮನೆಯ ಮುಂದೆ ಆರಿದ ಟ್ರಕ್ಕಿನಲ್ಲಿ ಕೂತು ಆಕ್ಸಿಲರೇಟರ್ ತುಳಿದಿದ್ದೇನೆ. ಹಿಂದಿನ ಸೀಟಿನಿಂದ ಇವರು, “ಆಫ್ ಆಗಿದೆ” ಎನ್ನುವರು. ಕಣ್ಣು ಮಂದವಾದ ಮೇಲೆ ಕಿವಿ ಚುರುಕಾಗಿ, ಟ್ರಕ್ಕು ಯಾವಾಗ ಕರೆಂಟಿನಲ್ಲಿದೆ, ಯಾವಾಗ ಪೆಟ್ರೋಲಿಗೆ ಬಂತು ಎನ್ನುವುದು ಅವರಿಗೆ ಗೊತ್ತಾಗುತ್ತಿತ್ತು. “ಈಗ ಇಂಜಿನ್ ಬಂತು. ಜೋರಾಗಿ ಒತ್ತಿದೀಯ. ಸ್ವಲ್ಪ ಬಿಡು.” ಶಾಲಿನಿ ಕನ್ನಡಿಯಲ್ಲಿ ಅವರನ್ನು ನೋಡಿ ಬಾಯಿಯ ಮೇಲೆ ಬೆರಳಿಡುವಳು, ಅದು ಅವರಿಗೆ ಕಾಣುತ್ತಿರಲಿಲ್ಲ ಎಂದು ಅವಳಿಗೆ ನೆನಪಿರುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೊದಲ ರೋಡ್ ಟೆಸ್ಟ್. ಪರೀಕ್ಷೆ ಮಾಡುವವರು ನಡುವಯಸ್ಸಿನ ಗಂಭೀರ ಹೆಂಗಸು, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಎಲ್ಲ ಚೆನ್ನಾಗಿಯೇ ಹೋಗುತ್ತಿತ್ತು. ಆಮೇಲೆ ನಾಲ್ಕೂ ಕಡೆ ಸ್ಟಾಪ್ ಹಲಗೆಯಿರುವ ಒಂದು ಕೂಡುರಸ್ತೆ ಬಂತು. ಅಲ್ಲಿ ಮೊದಲು ಬಂದವರು ಮೊದಲು ಹೋಗಬೇಕು. ಮೊದಲು ಬಂದವಳು ನಾನೇ. ಆದರೆ ಮರುಕ್ಷಣ ಎಡಗಡೆ ವಯಸ್ಸಾದವರೊಬ್ಬರು ಬಂದು ನಿಂತರು. ಅವರನ್ನು ಕಾಯಿಸಿ ನಾನು ಹೋಗುವುದೇ? ‘ಮೊದಲು ನೀವು’ ಎಂದು ಕೈ ತೋರಿಸಿದೆ. ಅವರು ಹೋದರು. ಬಲಗಡೆ ಒಬ್ಬಳು ಮಗುವನ್ನು ಕೂರಿಸಿಕೊಂಡಿದ್ದಳು. ಅವಳಿಗೂ ಕೈ ತೋರಿಸಿದೆ. ಎದುರಿನವನೊಬ್ಬನನ್ನೇ ಬಿಟ್ಟರೆ ಅವನಿಗೆ ಬೇಜಾರಾಗುವುದಿಲ್ಲವೇ? ಅಷ್ಟರಲ್ಲಿ ಅವರ ಹಿಂದೆ ಇನ್ನೂ ಮೂವರು ಬಂದರು. ಊಟದ ಪಂಕ್ತಿಯಲ್ಲಿ ಎಲೆಗಳೆಲ್ಲ ತುಂಬುವವರೆಗೂ ಮನೆಯವರು ಕೂರುತ್ತಾರೆಯೇ?

“ಮ್ಯಾಮ್,” ಎಂದರು ಆಕೆ ಬಹಳ ಹೊತ್ತಿನ ಮೇಲೆ, “ನೀವು ಇವತ್ತು ಹೋಗ್ತೀರಾ?”

ಫೇಲಾದೆ. ಕಮ್ಮಿಂಗ್‌ನಿಂದ ಮೊಮ್ಮಗಳು ಅನು ಫೋನ್ ಮಾಡಿದಳು. ಅವಳಿಗೆ ಹದಿನೇಳು, ಲೈಸೆನ್ಸ್ ಹೊಸದು, ಕನ್ನಡ ಇನ್ನೂ ಹೊಸದು. “ಅಜ್ಜಿ, ಫೋರ್ ವೇ ಸ್ಟಾಪ್‌ನಲ್ಲಿ ಡೋಂಟ್ ಬಿ ಸೋ ನೈಸ್, ಓಕೆ? ನಿನ್ನ ಟರ್ನ್ ಅಂದ್ರೆ ನೀನು ಹೋಗು. ಜಸ್ಟ್ ಗೋ.” ಎಪ್ಪತ್ತಮೂರು ವರ್ಷದಲ್ಲಿ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ.

ಎರಡನೇ ಟೆಸ್ಟು ಥ್ಯಾಂಕ್ಸ್‌ಗಿವಿಂಗ್‌ಗೆ ಹತ್ತು ದಿನ ಮುಂಚೆ. ಅದೇ ಹೆಂಗಸು. ಇವರೂ ಶಾಲಿನಿಯೂ ಒಳಗೆ ಬೆಂಚಿನ ಮೇಲೆ ಕೂತರು. ನಾನು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಆಕೆ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. “ಮ್ಯಾಮ್, ನನಗೇನಾದರೂ ಹೇಳ್ತಾ ಇದ್ದೀರಾ?”

ಆಗ ನನಗೆ ಕೇಳಿಸಿತು. ‘ಕೆಂಪು ಬಂತು, ನಿಲ್ಸಿ. ಹಸಿರಾಯ್ತು, ಹೊರಡಿ. ಸೈಕಲ್ ನೋಡಿ’ ಎಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಂಡೇ ಓಡಿಸುತ್ತಿದ್ದೆ.

“ನನ್ನ ಗಂಡನಿಗೆ ಹೇಳ್ತಾ ಇದ್ದೆ,” ಎಂದೆ.

“ಅವರು ಒಳಗೆ ಕೂತಿದ್ದಾರಲ್ಲ.”

“ಹೌದು. ಅವರಿಗೆ ಸಿಗ್ನಲ್ ಕಾಣಲ್ಲ. ಅದಕ್ಕೇ ಟೆಸ್ಟು.”

ಆಕೆ ನನ್ನನ್ನು ಒಮ್ಮೆ ನೋಡಿ, “ಮುಂದುವರಿಸಿ” ಎಂದರು. ಓಡಿಸುವುದನ್ನೋ ಹೇಳುವುದನ್ನೋ ಗೊತ್ತಾಗಲಿಲ್ಲ, ಎರಡನ್ನೂ ಮುಂದುವರಿಸಿದೆ. ಆ ಕೂಡುರಸ್ತೆ ಬಂದಾಗ ನನ್ನ ಸರದಿಗೆ, ಯಾರ ಮುಖವನ್ನೂ ನೋಡದೆ, ಜಸ್ಟ್ ಗೋ ಮಾಡಿದೆ. ಪಾಸಾಯಿತು.

ವೀಣಾಗೆ ಲೈಸೆನ್ಸಿನ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. ಮೊದಲು ಮೂಗು ಏರಿಸುವ ಸದ್ದು ಕೇಳಿತು. ಆಮೇಲೆ, “ಸರಿ ಅಮ್ಮ. ಮನೆ ವಿಷ್ಯ ಮುಂದಿನ್ ವರ್ಷ ನೋಡೋಣ. ಆದ್ರೆ ಹೈವೇ ಬೇಡ,” ಎಂದಳು. ಆಯಿತೆಂದೆ. ಯಾವ ಹೈವೇ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದೇ ವಾರ, ಗುರುವಾರ ಬೆಳಿಗ್ಗೆ, ಮೊದಲ ಬಾರಿಗೆ ನಾವಿಬ್ಬರೇ ಲ್ಯಾನ್‌ಹ್ಯಾಮ್‌ಗೆ ಹೊರಟೆವು. ನಾನು ಬಾಗಿಲಿಗೆ ಬೀಗ ಹಾಕಿ ಬರುವಷ್ಟರಲ್ಲಿ ಇವರು ಎಂದಿನಂತೆ ಡ್ರೈವರ್ ಕಡೆಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಅಭ್ಯಾಸ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೈ ತೆಗೆದು, ಬಾನೆಟ್ಟನ್ನು ಸವರಿಕೊಂಡು ಮುಂದಿನಿಂದ ಸುತ್ತಿ ಬಂದು ಆ ಕಡೆ ಕೂತರು. ಬೆಲ್ಟ್ ಹಾಕಿಕೊಳ್ಳಲು ಎರಡು ಸಲ ತಡಕಿದರು. ಆ ಕಡೆಯ ಬೆಲ್ಟು ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಹೊರಟೆವು. ನನ್ನ ಎರಡೂ ಕೈ ಸ್ಟಿಯರಿಂಗಿಗೆ ಅಂಟಿಕೊಂಡಿದ್ದವು. ಎರಡು ಸಿಗ್ನಲ್ ದಾಟಿದೆವು.

“ಯಾಕೆ ಸುಮ್ನಿದೀಯ?” ಎಂದರು ಇವರು.

“ಓಡಿಸ್ತಾ ಇದೀನಿ ರೀ.”

“ಏನ್ ಕಾಣ್ತಾ ಇದೆ?”

“ಸಿಗ್ನಲ್ ಹಸಿರಿದೆ. ಮುಂದೆ ಒಂದು ಬಸ್ಸು.”

“ಅದೆಲ್ಲ ಬೇಡ. ಅದು ಈಗ ನಿನ್ ಕೆಲಸ. ಬೇರೆ ಏನಾದ್ರೂ ಹೇಳು.”

ಬೇರೆ ಹೇಳಿದೆ. ಮೇಪಲ್ ಮರಗಳ ಎಲೆಯೆಲ್ಲ ಉದುರಿ, ತುದಿಯಲ್ಲಿ ನಾಲ್ಕೈದು ಮಾತ್ರ ಹಟ ಹಿಡಿದು ಕೂತಿವೆ ಎಂದೆ. ಹ್ಯಾಲೊವೀನಿನ ಅಸ್ಥಿಪಂಜರವನ್ನು ಯಾರೋ ಇನ್ನೂ ಅಂಗಳದಿಂದ ತೆಗೆದಿಲ್ಲ, ಅದಕ್ಕೆ ಮಫ್ಲರ್ ಸುತ್ತಿದ್ದಾರೆ ಎಂದೆ. ಅವರು ತಲೆ ಸ್ವಲ್ಪ ಓರೆ ಮಾಡಿ, ಕಣ್ಣಿನ ಅಂಚಿನಿಂದ ಕಿಟಕಿಯಾಚೆ ನೋಡುತ್ತ ಕೇಳುತ್ತಿದ್ದರು. ಬೆಲ್ಟ್‌ವೇಯಲ್ಲಿ ಟ್ರಾಫಿಕ್ ನಿಂತಿತು. ನೋಡಲು ಏನೂ ಇರಲಿಲ್ಲ. ಎರಡೂ ಕಡೆ ಸಿಮೆಂಟಿನ ಗೋಡೆ, ಅಷ್ಟೆ. ಅವರು ಕಾಯುತ್ತಿದ್ದರು.

“ಬಲಗಡೆ ಒಂದು ಆನೆ ಹೋಗ್ತಾ ಇದೆ ರೀ,” ಎಂದೆ.

ಅವರು ಬಲಕ್ಕೆ ತಿರುಗಲಿಲ್ಲ. “ದೊಡ್ಡದಾ?”

“ಇಲ್ಲ. ಮರಿ.”

“ಹಾಗಾದ್ರೆ ತಾಯಿ ಇಲ್ಲೇ ಎಲ್ಲೋ ಇರತ್ತೆ,” ಎಂದರು. “ನಿಧಾನಕ್ಕೆ ಹೋಗು.”